ಕಿಟಕಿ ಸೀಟಿನ ದಸ್ತಿ

ಕಿಟಕಿ ಸೀಟಿಗೆ ಬಿದ್ದ ದಸ್ತಿ, ಅಂದರೆ ಕರವಸ್ತ್ರ, ಗುರುಪ್ರಸಾದನದೇ. ಸೀಟಿನಲ್ಲಿ ಕೂತವಳು ಮಾತ್ರ ಮಲ್ಲಿಕಾ ಅಲ್ಲ, ಶುಭದಾ.

ಕಮಲಾಪುರದಿಂದ ಕಲಬುರಗಿಗೆ ಹೋಗುವ ಬೆಳಗಿನ ಬಸ್ಸು ಅದು. ಬಾಗಿಲ ಬಳಿ ಕಂಬ ಹಿಡಿದು ನಿಂತಿದ್ದ ಮಲ್ಲಿಕಾಳ ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಹುರಿದ ಹಾಗಾಯಿತು.

ಈ ಬಸ್ಸಿನ ಕಾನೂನು ಎಲ್ಲರಿಗೂ ಗೊತ್ತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಯಾರು ದಸ್ತಿ ಒಳಗೆ ಎಸೆಯುತ್ತಾರೋ ಸೀಟು ಅವರದು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲಂತೂ ದಸ್ತಿ ಬಿಟ್ಟರೆ ಗತಿಯಿಲ್ಲ. ಸರ್ವೇ ಆಫೀಸಿನ ಗುರುಪ್ರಸಾದ ದಿನವೂ ಎಸೆಯುತ್ತಿದ್ದದ್ದು ಮಲ್ಲಿಕಾಳಿಗಾಗಿ. ಕಥೆ ಬರೆಯುವವರಿಗೆ ಕಿಟಕಿ ಬೇಕು ಎನ್ನುವುದು ಅವನದೇ ತೀರ್ಮಾನ. ಅವಳು ಕೂತು ಬರೆಯುತ್ತಿದ್ದಳು, ಅವನು ದಾರಿಯುದ್ದಕ್ಕೂ ಪಕ್ಕದಲ್ಲಿ ನಿಂತಿರುತ್ತಿದ್ದ.

ಕಲಬುರಗಿ ಹತ್ತಿರ ಬಂದಾಗ "ಇವತ್ತೇನ್ ಬರದ್ರಿ?" ಎಂದು ಕಿವಿ ಬಗ್ಗಿಸುತ್ತಿದ್ದ. ಅವಳು ಬೇಕೆಂದೇ ದನಿ ಇಳಿಸಿ ಓದುತ್ತಿದ್ದಳು. ಅವನು ಇನ್ನಷ್ಟು ಬಗ್ಗುತ್ತಿದ್ದ.

ಒಂದು ಕಥೆ ಭಾನುವಾರದ ಪೇಪರಿನಲ್ಲಿ ಬಂತು. ಬಂದದ್ದೇ ತಪ್ಪಾಯಿತು ನೋಡಿ. ಸ್ಟೇಟಸ್ಸಿಗೆ ಹಾಕಿದಳು, ಯಾರ್ಯಾರು ನೋಡಿದರೆಂದು ತೆಗೆತೆಗೆದು ನೋಡಿದಳು, ನೋಡುತ್ತ ನೋಡುತ್ತ ರೀಲ್ಸಿಗೆ ಬಿದ್ದಳು. "ನಾಳೆ ಬರೀತೀನ್ರಿ" ಎಂದಳು. ಆ ನಾಳೆ ಬರಲೇ ಇಲ್ಲ. ಬರೆಯದೆ ಅವನೆದುರು ಕೂರಲು ನಾಚಿಕೆಯಾಗಿ, ಇಯರ್‌ಫೋನ್ ಸಿಗಿಸಿಕೊಂಡು ಬಾಗಿಲ ಬಳಿಯೇ ನಿಲ್ಲತೊಡಗಿದಳು.

ಈಗ ಈ ಶುಭದಾ, ಅರ್ಚಕರ ಮಗಳು, ಬಿ.ಎಡ್. ಓದುವವಳು, ಅವಳ ಕೈಯಲ್ಲಿ ಪೆನ್ನು. ಬರೆದು ಬರೆದು ಓದುತ್ತಿದ್ದಾಳೆ. ಅವನು ಹಾಗೇ ಬಗ್ಗಿ ಕೇಳುತ್ತಿದ್ದಾನೆ. ನಗುತ್ತಲೂ ಇದ್ದಾನೆ.

ಸೀಟು ಹಾಳಾಗಿ ಹೋಗಲಿ, ಆ ಕಿವಿ ನನ್ನದು ಎಂದು ಮಲ್ಲಿಕಾ ಹಲ್ಲು ಕಚ್ಚಿದಳು.

ಅವಳು ಕೆಲಸ ಮಾಡುವುದು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಕನ್ನಡಕದ ಅಂಗಡಿಯಲ್ಲಿ. ಅಂದು ಮಾಲಕಿ ಇಕ್ಬಾಲ್ ಬೇಗಂ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಏನವ್ವಾ, ಮಾರಿ ಯಾಕ ನಿಮ್ಮ ಕಮಲಾಪುರದ ಕೆಂಪ ಬಾಳಿಹಣ್ಣಾಗ್ಯಾದ?"

"ಏನಿಲ್ರಿ ಬೇಗಂ."

"ಗಂಡಸಿಗೆ ಹೆಣ್ಮಕ್ಕಳ ಚಷ್ಮಾ ಹಾಕಿ ಕಳಸಾಕತ್ತಿದ್ದಿ. ಏನಿಲ್ಲಂದ್ರ ಇಷ್ಟು, ಏನರ ಇದ್ದಿದ್ರ?"

ಊಟದ ಹೊತ್ತಿಗೆ ಮಲ್ಲಿಕಾ ಮೊಬೈಲನ್ನು ಡ್ರಾಯರಿಗೆ ಹಾಕಿದಳು. ಹಳೇ ಬಿಲ್ ಹಾಳೆಯ ಹಿಂಬದಿ ತಿರುಗಿಸಿದಳು. ಕೈ ಬರೆಯಲಾರೆನೆಂದು ಮೊಂಡು ಹಿಡಿಯಿತು. ಕೊನೆಗೆ ಸಿಟ್ಟೇ ಮೊದಲ ಸಾಲು ಬರೆಯಿತು: 'ಒಬ್ಬ ದಗಾಕೋರ ಇದ್ದ.'

ಅವನನ್ನು ಬೈಯಲೆಂದೇ ಕೂತವಳು. ಬರೆಯುತ್ತ ಹೋದಂತೆ ಆ ದಗಾಕೋರ ಮೇಲಿನ ಸರಳು ಹಿಡಿದು, ತೋಳು ಬದಲಿಸುತ್ತ, ಗದ್ದಲದಲ್ಲಿ ನೂಕಿಸಿಕೊಳ್ಳುತ್ತ ನಿಂತುಬಿಟ್ಟ. ತಾನು ಕೂರಲೆಂದು ಅವನು ನಿಂತಿದ್ದ. ಒಂದು ದಿನವೂ ಅವನಿಗೆ 'ಕೂಡ್ರಿ' ಎಂದಿರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗ. ಡಬ್ಬಿಯ ರೊಟ್ಟಿ ಹಾಗೇ ಉಳಿಯಿತು.

ಮರುದಿನ ಬಸ್ಸು ತಿರುವಿನಲ್ಲಿರುವಾಗಲೇ ಮಲ್ಲಿಕಾ ಓಡಿದಳು. ಗುರುಪ್ರಸಾದನ ಚೌಕಳಿ ದಸ್ತಿ ಕಿಟಕಿ ಸೀಟಿಗೆ ಬಿತ್ತು. ಅದರ ಮಗ್ಗುಲ ಸೀಟಿಗೆ ಅವಳ ಹಳದಿ ದಸ್ತಿ ಬಿತ್ತು.

ಅವನು ತಿರುಗಿ ನೋಡಿದ. "ನನ್ನ ಮ್ಯಾಲ ಭರೋಸಾ ಹೋತೇನ್ರಿ?"

"ನೀವು ಶುಭದಾ ಅವರಿಗೆ ಹಿಡೀತೀರಿ. ನಮ್ಮದು ನಾವು ನೋಡ್ಕೋಬೇಕಲ್ರಿ."

"ದಿನಾ ನಿಮಗೇ ಹಿಡೀತೀನಿ. ನೀವು ಮೊಬೈಲಿನ್ಯಾಗ ಮುಣಗಿ ಈ ಕಡಿ ನೋಡಂಗಿಲ್ಲ. ಸೀಟ್ ಖಾಲಿ ಅದ ಅಂತ ಕಂಡಕ್ಟರ್ ಬೈತಾನ. ನಿನ್ನಿ ಅವರು ಕೇಳಿದ್ರು, ಕೊಟ್ಟೆ."

"ಕಿವೀನೂ ಕೊಟ್ರಿ."

ಅವನು ನಗು ತಡೆದುಕೊಂಡ. "ಅವರಣ್ಣ ಅತುಲನ ಲಗ್ನ ಅದ. ಮಂಗಳಾಷ್ಟಕ ಬರ್ಯಾಕತ್ತಾರ. ಬೀಗರ ಹೆಸರೆಲ್ಲ ಅದ್ರಾಗ ಬರಬೇಕಂತ. ಸೋದರಮಾವನ ಹೆಸರಿಗೆ ಪ್ರಾಸ ಕೂಡವಲ್ದು."

ಹೊಟ್ಟೆಯ ಉರಿ ಅರ್ಧ ಇಳಿಯಿತು. ಉಳಿದರ್ಧ ಅಷ್ಟು ಸುಲಭಕ್ಕೆ ಇಳಿಯುವಂಥದಲ್ಲ. ಮಲ್ಲಿಕಾ ಹತ್ತಿ ಕಿಟಕಿಗೆ ಕೂತಳು. ಅವನು ರೂಢಿಯಂತೆ ಸರಳು ಹಿಡಿದ.

"ಕೂಡ್ರಿ," ಎಂದಳು.

"ಎಲ್ಲಿ?"

ಅವಳು ಹಳದಿ ದಸ್ತಿ ಎತ್ತಿಕೊಂಡಳು. "ಇದು ನಿಮಗ ಹಿಡದದ್ದು."

ಅವನು ಹೊಸ ಅಳಿಯನಂತೆ ಮೊಣಕಾಲು ಜೋಡಿಸಿ ಕೂತ. ಅವಳು ಬಿಲ್ ಹಾಳೆ ಬಿಚ್ಚಿ ಮೊದಲ ಸಾಲು ಓದಿದಳು.

"ಇಂವ ಯಾರ್ರಿ, ದಗಾಕೋರ?"

"ನೀವೇ. ಮುಂದ ಕೇಳ್ರಿ, ಸುಧಾರಿಸ್ತೀರಿ."

"ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು ಅಂತ ಕಾಯಾಕತ್ತಿದ್ದೆ."

"ಕಥಿಗೋ, ನನಗೋ?"

ಗುರುಪ್ರಸಾದ ಕೈಯಲ್ಲಿದ್ದ ಚೌಕಳಿ ದಸ್ತಿಯನ್ನು ಮಡಚಿ ಮಡಚಿ ಸಣ್ಣದು ಮಾಡಿದ. ಅವನ ಕಿವಿ ಕೆಂಪಾಗಿತ್ತು. "ಬರೇ ಕಥಿಗಾದ್ರ ಪೇಪರ್ ತಗೊಂಡು ಮನ್ಯಾಗ ಓದ್ತಿದ್ದೆ. ದಿನಾ ನಿಂತ್ಕೊಂಡು ಯಾಕ ಬರ್ತಿದ್ದೆ ಹೇಳ್ರಿ."

ಮಲ್ಲಿಕಾ ದನಿ ಇಳಿಸಿ ಓದತೊಡಗಿದಳು. ಪಕ್ಕದಲ್ಲೇ ಇದ್ದರೂ ಅವನು ಬಗ್ಗಿದ.

ಹಿಂದಿನ ಸೀಟಿನಿಂದ ಶುಭದಾ ಏನೋ ಪ್ರಾಸ ಕೇಳಿದಳು. ಅವನಿಗೆ ಕೇಳಿಸಲೇ ಇಲ್ಲ.