ಸ್ವಲ್ಪ ಮುಂದೆ ಈಜುವವಳು

"ಅವಳಿಗೆ ಮದುವೆ ಆಗಿದೆಯಾ?" ಗಾಸ್ಪರ್ ಕೇಳಿದ.

ಚಹಾದಂತೆ ಹೀರುವ ಮಾಟೆ ಎಲೆ ತುಂಬಿದ ಸೋರೆಬುರುಡೆಗೆ ಬಿಸಿನೀರು ಹೊಯ್ಯುತ್ತಿದ್ದ ರೊಮಿನಾಳ ಕೈ ಅಲ್ಲೇ ನಿಂತಿತು. "ಯಾರಿಗೆ?"

"ನನ್ನ ಜೊತೆಗಾತಿಗೆ ಡಾಕ್ಟ್ರೇ. ಪ್ರತಿ ವಾರ ನನಗಿಂತ ಚೂರು ಮುಂದೆ ಈಜಿ ಹೊಟ್ಟೆ ಉರಿಸ್ತಾಳಲ್ಲ, ಅವಳಿಗೆ."

"ನಾನಿನ್ನೂ ಡಾಕ್ಟರ್ ಆಗಿಲ್ಲ. ಅವಳ ಬಗ್ಗೆ ಏನೂ ಹೇಳೋ ಹಾಗಿಲ್ಲ. ನಿಯಮ."

"ನಿಯಮ!" ಅವನು ಬುರುಡೆ ಇಸಿದುಕೊಂಡು ಕೊಳವೆಗೆ ಬಾಯಿಟ್ಟ. "ನಿಮಗೆ ಯಾಕೆ ಇನ್ನೂ ಮದುವೆ ಆಗಿಲ್ಲ ಅಂತ ಈಗ ಗೊತ್ತಾಯ್ತು ನೋಡಿ."

ಅವನ ಕೂದಲು ಇನ್ನೂ ಒದ್ದೆಯಿತ್ತು. ಕಣ್ಣಿನ ಸುತ್ತ ಈಜುಗನ್ನಡಕ ಒತ್ತಿದ ಕೆಂಪು ಗೆರೆ. ನಕ್ಕರೆ ಆ ಗೆರೆ ಮಡಿಚಿಕೊಳ್ಳುತ್ತಿತ್ತು. ರೊಮಿನಾ ಕಂಪ್ಯೂಟರಿನ ಕಡೆ ತಿರುಗಿದಳು.

ರೊಸಾರಿಯೊ ಊರಿನಲ್ಲಿ ಜುಲೈ ಅಂದರೆ ಚಳಿಗಾಲ. ಗಾಸ್ಪರ್ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಹೆಂಡತಿ ಬಿಟ್ಟು ಹೋದ ಮೇಲೆ, ಬೇಸಿಗೆ ಬರುವಷ್ಟರಲ್ಲಿ ಪರಾನಾ ನದಿಯನ್ನು ಈಜಿ ಎದುರಿನ ದ್ವೀಪ ಮುಟ್ಟಬೇಕೆಂದು ಹಟ ಹಿಡಿದಿದ್ದ. ರೊಮಿನಾಳಿಗೆ ಅಂಥವರೇ ಬೇಕಾಗಿತ್ತು. ತನಗಿಂತ ಸ್ವಲ್ಪವೇ ಮುಂದಿರುವವರನ್ನು ಕಂಡರೆ ಮನುಷ್ಯ ತನ್ನ ಗುರಿಗಾಗಿ ಹೆಚ್ಚು ದುಡಿಯುತ್ತಾನೆಯೇ ಎಂಬುದು ಅವಳ ಪಿಎಚ್.ಡಿ. ಸಂಶೋಧನೆ. ಬಂದವರಿಗೆಲ್ಲ, ನಿಮ್ಮದೇ ಗುರಿ ಇಟ್ಟುಕೊಂಡ ಇನ್ನೊಬ್ಬರಿದ್ದಾರೆ ಎಂದು ಹೇಳಿ, ಪ್ರತಿ ವಾರ ಆ ಇನ್ನೊಬ್ಬರ ಅಂಕಿಯನ್ನು ತೋರಿಸುತ್ತಿದ್ದಳು. ಆ ಇನ್ನೊಬ್ಬರು ಎಲ್ಲೂ ಇರಲಿಲ್ಲ. ಕೊನೆಯ ದಿನ ನಿಜ ಹೇಳಲೇಬೇಕು. ಅದೂ ನಿಯಮ.

ಅಂಕಿಯಷ್ಟೇ ತೋರಿಸಿದ್ದರೆ ಏನೂ ಆಗುತ್ತಿರಲಿಲ್ಲ.

"ಇವಳೇನು ಮೀಟರ್ ಬೋರ್ಡಾ? ಮಾತಾಡಲ್ವಾ?" ಎಂದು ಅವನು ಶುರುವಿನಲ್ಲೇ ಕೇಳಿದ್ದ. ಮುಂದಿನ ವಾರ ರೊಮಿನಾ ಅಂಕಿಯ ಕೆಳಗೆ ಒಂದು ಸಾಲು ಸೇರಿಸಿದಳು. ಎರಡನೆಯ ಸಾಲು ಬರೆಯಲು ಕೂತಾಗ ಏನೂ ಹೊಳೆಯಲಿಲ್ಲ, ರೊಮಿನಾಳಿಗೆ ಈಜೇ ಬರುತ್ತಿರಲಿಲ್ಲ. ಊರಿನ ಇನ್ನೊಂದು ತುದಿಯ ಈಜುಕೊಳಕ್ಕೆ ಸೇರಿದಳು. ಅಲ್ಲಿಂದ ಮುಂದೆ ಅಂಕಿಗಳು ಮಾತ್ರ ಸುಳ್ಳು.

'ಭಾನುವಾರ ಅಕ್ಕಪಕ್ಕದ ತಾರಸಿಗಳಿಂದ ಮಾಂಸ ಸುಡುವ ಹೊಗೆ ಬರುತ್ತೆ. ಎಲ್ಲರ ಮನೇಲೂ ಜನ. ಆಗ ಈಜೋಕೆ ಹೋಗ್ತೀನಿ. ನೀರೊಳಗೆ ವಾಸನೆ ಬರಲ್ಲ.'

ಈ ಸಾಲುಗಳನ್ನು ಗಾಸ್ಪರ್ ಎರಡು ಸಲ ಓದಿದ. ಆಮೇಲೆ, "ಅವಳಿಗೆ ಹೇಳಿ, ಉಸಿರನ್ನ ನೀರೊಳಗೇ ಬಿಡಬೇಕು. ತಲೆ ಎತ್ತಿ ಬಿಟ್ರೆ ಸುಸ್ತಾಗತ್ತೆ" ಎಂದ. ಆ ಭಾನುವಾರ ರೊಮಿನಾ ಹಾಗೇ ಮಾಡಿದಳು. ಸುಸ್ತಾಗಲಿಲ್ಲ. ಗೋಡೆ ಹಿಡಿದು ನಿಂತು ಅತ್ತಳು. ಕೊಳದಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಗಾಸ್ಪರನ ಮಾತೆಲ್ಲ ಆ ಜೊತೆಗಾತಿಯ ಬಗ್ಗೆಯೇ. ಅವಳಿಗೇನು ಇಷ್ಟ, ಅವಳು ಎತ್ತರವಾ, ನಗ್ತಾಳಾ. ರೊಮಿನಾ ಎದುರು ಕೂತು ಬುರುಡೆ ತುಂಬಿಸಿ ಕೊಡುತ್ತಿದ್ದಳು. ಬುರುಡೆ ಹಿಂದಿರುಗಿಸುವಾಗ ಥ್ಯಾಂಕ್ಸ್ ಅಂದರೆ, ಅಲ್ಲಿನ ರೂಢಿಯಲ್ಲಿ, ಇನ್ನು ಬೇಡ ಎಂದರ್ಥ. ಫ್ಲಾಸ್ಕ್ ಖಾಲಿಯಾಗುವವರೆಗೆ ಗಾಸ್ಪರ್ ಆ ಮಾತು ಆಡುತ್ತಿರಲಿಲ್ಲ. ಅದು ಜೊತೆಗಾತಿಯ ಸುದ್ದಿಗಾಗಿ ಎಂದು ರೊಮಿನಾಳಿಗೆ ಗೊತ್ತಿತ್ತು.

ಅಕ್ಟೋಬರಿನಲ್ಲಿ ಕೊನೆಯ ದಿನ ಬಂತು. ಗಾಸ್ಪರ್ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೇಕರಿಯ ಪೊಟ್ಟಣ ಹಿಡಿದು ಬಂದಿದ್ದ.

"ನಿಮ್ಮ ನಿಯಮ ಇವತ್ತಿಗೆ ಮುಗೀತು ತಾನೆ? ಕರೀರಿ ಅವಳನ್ನ."

ರೊಮಿನಾ ಮೊದಲು ಬುರುಡೆ ತುಂಬಿಸಿ ಕೊಟ್ಟಳು. ಆಮೇಲೆ ಹೇಳಿದಳು. ಬೇರೆಯವರಿಗೆ ಹೇಳುವ ಹಾಗೇ ಹೇಳಿದಳು, ಅಂಥ ಮನುಷ್ಯ ಯಾರೂ ಇಲ್ಲ, ಅದು ಪ್ರಯೋಗದ ಭಾಗ ಎಂದು.

ಅವನು ಬುರುಡೆಯನ್ನೇ ನೋಡುತ್ತಿದ್ದ. "ಅಂಗಡೀಲಿ ಎಲ್ರಿಗೂ ಅವಳ ಬಗ್ಗೆ ಹೇಳಿದೀನಿ."

"ಕ್ಷಮಿಸಿ."

"ಆ ಹೊಗೆ? ನೀರೊಳಗೆ ವಾಸನೆ ಬರಲ್ಲ ಅಂದಿದ್ದು? ಅದನ್ನೂ ಕಂಪ್ಯೂಟರ್ ಬರೀತಾ?"

"ಅದು ನಂದು," ರೊಮಿನಾ ಹೇಳಿದಳು. "ಅಂಕಿ ಸುಳ್ಳು. ಮಾತೆಲ್ಲ ನಂದು. ಬರೀಬಾರದಿತ್ತು. ನಿಮ್ಮ ಫಲಿತಾಂಶ ಇನ್ನು ಉಪಯೋಗಕ್ಕೆ ಬರಲ್ಲ. ಬೆಳಿಗ್ಗೆ ಗೈಡ್‌ಗೂ ಹೇಳಿದೆ. ಬೈದ್ರು."

"ನಾನು ಅವಳು ಅವಳು ಅಂತ ಬಡ್ಕೋಬೇಕಾದ್ರೆ ಒಳಗೊಳಗೇ ನಗ್ತಿದ್ರಾ?"

"ಇಲ್ಲ. ಹೊಟ್ಟೆಕಿಚ್ಚು ಪಡ್ತಿದ್ದೆ."

"ಯಾರ ಮೇಲೆ?"

"ಅವಳ ಮೇಲೆ. ನಾನೇ ಬರೆದು ಹುಟ್ಟಿಸಿದೋಳು. ನನಗಿಂತ ಚೆನ್ನಾಗಿ ಈಜ್ತಿದ್ದಳು. ನೀವು ಕೇಳ್ತಾ ಇದ್ದಿದ್ದೂ ಅವಳನ್ನೇ."

ಕಿಟಕಿಯಾಚೆ ಬಸ್ಸೊಂದು ಹೋಯಿತು. ಗಾಸ್ಪರ್ ತಲೆ ಎತ್ತಿದ.

"ನೀವು ಎಷ್ಟು ಈಜ್ತೀರಿ?"

"ಕೊಳದ ಉದ್ದಕ್ಕೆ ಒಂದು ಸಲ. ಮಧ್ಯೆ ಗೋಡೆ ಹಿಡ್ಕೋತೀನಿ."

"ಕೊಳದ ಮಧ್ಯೆ ಗೋಡೆ ಎಲ್ಲಿಂದ ಬಂತು?"

"ಪಕ್ಕದ ಗೋಡೆ."

ಅವನ ಬಾಯಂಚು ಅಲುಗಿತು. ಆದರೆ ನಗಲಿಲ್ಲ. ಉಳಿದದ್ದನ್ನು ಕೊನೆಯ ಗುಟುಕಿನವರೆಗೆ ಹೀರಿ ಬುರುಡೆಯನ್ನು ಅವಳ ಕಡೆ ಚಾಚಿದ. ರೊಮಿನಾ ಕೈ ನೀಡಿ, ಥ್ಯಾಂಕ್ಸ್ ಎಂಬ ಆ ಒಂದು ಮಾತಿಗಾಗಿ ಕಾದಳು.

"ನೀರು ಆರಿ ಹೋಗಿದೆ," ಎಂದ ಗಾಸ್ಪರ್.

ಅವಳು ಫ್ಲಾಸ್ಕ್ ಎತ್ತಿಕೊಂಡು ಹೊರಗೆ ಹೋದಳು. ಕೆಟಲ್ ಇದ್ದದ್ದು ಕಾರಿಡಾರಿನ ಆ ಕೊನೆಗೆ. ಮೆಟ್ಟಿಲು ಇದ್ದದ್ದು ಈ ಕೊನೆಗೆ. ಎದ್ದು ಹೋಗಬೇಕೆಂದಿರುವವನಿಗೆ ಬೇಕಾದಷ್ಟು ಸಮಯ. ನೀರು ಕಾಯುವವರೆಗೆ ರೊಮಿನಾ ಗೋಡೆಗೆ ಮುಖ ಮಾಡಿ ನಿಂತಳು. ಉಸಿರು ಬಿಡುವುದು ನೆನಪಾಗಿ, ನಿಧಾನವಾಗಿ ಬಿಟ್ಟಳು.

ವಾಪಸ್ ಬಂದಾಗ ಬೇಕರಿ ಪೊಟ್ಟಣ ಬಿಚ್ಚಿತ್ತು. ಗಾಸ್ಪರ್ ಬುರುಡೆಯ ಹಳೆಯ ಎಲೆಯನ್ನು ಕಸದ ಬುಟ್ಟಿಗೆ ಬಡಿದು ಚೆಲ್ಲಿ, ಹೊಸ ಎಲೆ ತುಂಬುತ್ತಿದ್ದ.