ಒಂದು ನಾಣ್ಯದ ಹಗ್ಗ

"ಹೋಯ್ತು ನೋಡೇ, ಹಾಕಿ ಇನ್ನೂ ಕೈ ತೆಗೆದಿಲ್ಲ, ಆಗ್ಲೇ ಯಾರೋ ಎತ್ಕೊಂಡ್ರು," ಎಂದು ಪಕ್ಕದ ರೂಮಿನಿಂದ ಅಜ್ಜಿ ಕೂಗಿದಳು.

"ಒಳ್ಳೇದಾಯ್ತಲ್ಲ ಅಜ್ಜಿ," ಎಂದಳು ಗಿರಗಿಟ್ಲೆ, ಫೋನಿನಿಂದ ತಲೆ ಎತ್ತದೆ.

ಅಜ್ಜಿ ಏನು ಹಾಕಿದಳು, ಯಾರು ಎತ್ಕೊಂಡರು ಎಂದು ಅವಳು ಕೇಳಲಿಲ್ಲ. ಮೀನೋ, ಕಪ್ಪೆಚಿಪ್ಪೋ ಏನೋ ಇರಬೇಕು. ಅಜ್ಜಿ ಆಡುವುದೂ ಅದೇ ಗೇಮು, ಮೊಮ್ಮಗಳು ಆಡುವುದೂ ಅದೇ ಗೇಮು. ಆದರೆ ಅಜ್ಜಿ ಆಡುವುದು ಹೊತ್ತು ಹೋಗಲಿ ಎಂದು. ಗಿರಗಿಟ್ಲೆಗೆ ಆಡಲು ಹೊತ್ತೇ ಸಾಲುತ್ತಿರಲಿಲ್ಲ.

ಹುಡುಗಿಗೆ ಗಿರಗಿಟ್ಲೆ ಎಂದು ಹೆಸರಿಟ್ಟವಳೂ ಅಜ್ಜಿಯೇ. ಕೂತ ಕಡೆ ಕೂರುವವಳಲ್ಲ, ನಿಂತ ಕಡೆ ನಿಲ್ಲುವವಳಲ್ಲ. ಅಂಥವಳು ಈಗ ಸ್ಕೂಲಿಂದ ಬಂದರೆ ಸೋಫಾದ ಮೂಲೆಯಲ್ಲಿ ಅಂಟಿಕೊಂಡು ಕೂರುತ್ತಿದ್ದಳು. ತಿರುಗುತ್ತಿದ್ದುದು ಹೆಬ್ಬೆರಳು ಮಾತ್ರ.

ಗೇಮಿನ ಹೆಸರು 'ಸಾವಿರ ದ್ವೀಪ'. ಹೊಸದಾಗಿ ಸೇರಿದವರೆಲ್ಲ ಮೊದಲು ಒಂದು ಬಂದರಿನಲ್ಲಿ ಬಂದು ಬೀಳುತ್ತಾರೆ. ಎಲ್ಲರಿಗೂ ಒಂದೊಂದು ಹಳೇ ದೋಣಿ ಪುಕ್ಕಟೆ. ಆದರೆ ದೋಣಿಯ ಹಾಯಿ ಕಟ್ಟಲು ಒಂದು ಸುರುಳಿ ಹಗ್ಗ ಬೇಕು. ಹಗ್ಗ ಇದ್ದರೆ ಸಾವಿರ ದ್ವೀಪ, ಇಲ್ಲದಿದ್ದರೆ ಒಂದೇ ಬಂದರು.

ಹಗ್ಗ ಸಿಗುವುದು ಮಾರ್ಕೆಟ್ ಬೋರ್ಡಿನಲ್ಲಿ. ಯಾವ ದ್ವೀಪದಲ್ಲಿ ಕೂತಿದ್ದರೂ ಆ ಬೋರ್ಡ್ ತೆರೆಯಬಹುದು, ಮಾರಬಹುದು, ಕೊಳ್ಳಬಹುದು. ಒಂದು ದಿನ ಗಿರಗಿಟ್ಲೆಗೆ ಒಂದು ವಿಷಯ ಹೊಳೆಯಿತು. ಹಗ್ಗ ಎಲ್ಲರಿಗೂ ಬೇಕು. ಅಗ್ಗದ ಹಗ್ಗವನ್ನೆಲ್ಲ ತಾನೇ ಕೊಂಡುಬಿಟ್ಟರೆ, ಆಮೇಲೆ ತಾನು ಹೇಳಿದ್ದೇ ರೇಟು. ಒಂದು ನಾಣ್ಯಕ್ಕೆ ಕೊಂಡದ್ದನ್ನು ಮೂವತ್ತಕ್ಕೆ ಮಾರಿದಳು. ಯಾರೂ ಬೈಯಲಿಲ್ಲ. ಯಾರು ಮಾರುತ್ತಿದ್ದಾರೆ ಎಂದು ಬೋರ್ಡ್ ತೋರಿಸುವುದೇ ಇಲ್ಲವಲ್ಲ.

ಅಗ್ಗದ ಹಗ್ಗ ಬಂದ ಕೂಡಲೇ ಫೋನು 'ಟಿಣ್' ಅನ್ನುವ ಹಾಗೆ ಸೆಟ್ಟಿಂಗ್ ಮಾಡಿಟ್ಟಿದ್ದಳು. ಟಿಣ್ ಅಂದರೆ ಹೆಬ್ಬೆರಳು ಟಕ್ ಅನ್ನುತ್ತಿತ್ತು. ಹಗ್ಗ ಅವಳ ಗೋದಾಮಿಗೆ.

ಇಷ್ಟೆಲ್ಲ ಯಾಕೆಂದರೆ ಕೆಂಪು ಹಾಯಿಯ ಹಡಗಿಗಾಗಿ. ಕ್ಲಾಸಿನಲ್ಲಿ ಯಾರ ಬಳಿಯೂ ಇಲ್ಲದ ಹಡಗು. ಇನ್ನೊಂದು ಸ್ವಲ್ಪ ಹಗ್ಗ ಮಾರಿದರೆ ಅದು ಅವಳದ್ದೇ.

ಇನ್ನು ಅಜ್ಜಿಯ ವಿಷಯ. ಅಜ್ಜಿ ಬಸ್ ಕಂಡಕ್ಟರ್ ಆಗಿದ್ದವಳು. ಇಡೀ ಊರನ್ನು ನಿಂತುಕೊಂಡೇ ಸುತ್ತಿದವಳು. ಮೊನ್ನೆ ಮೊನ್ನೆ ಮಂಡಿ ಆಪರೇಷನ್ ಆಗಿ ಹಾಸಿಗೆ ಮೇಲೆ ಕಾಲು ಚಾಚಿ ಕೂತಿದ್ದಳು. ಅಜ್ಜಿಗೆ ಮಂಡಿ ನೋವು, ಮೊಮ್ಮಗಳಿಗೆ ಮಂಡಿ ವ್ಯಾಪಾರ. ಮನೆ ತುಂಬಾ ಮಂಡಿಯದೇ ಕಾರುಬಾರು.

"ಅಜ್ಜಿಗೆ ಬೇಜಾರಾಗ್ತಿದೆ, ಸ್ವಲ್ಪ ಹೊತ್ತು ಜೊತೆಗೆ ಕೂತ್ಕೊಳೇ," ಎಂದು ಅಮ್ಮ ಹೇಳಿದಾಗ, ಗಿರಗಿಟ್ಲೆ ಹಳೇ ಟ್ಯಾಬ್ ತಂದು ಗೇಮ್ ಹಾಕಿಕೊಟ್ಟಿದ್ದಳು. ಹಲ್ಲಿನ ಸೆಟ್ಟು ಲೋಟದಲ್ಲಿಟ್ಟುಕೊಂಡು ಕೂತಿದ್ದ ಅಜ್ಜಿಯನ್ನು ನೋಡಿ, 'ಹಲ್ಲಿಲ್ಲದ ಹುಲಿ' ಎಂದು ಹೆಸರನ್ನೂ ತಾನೇ ಟೈಪ್ ಮಾಡಿದ್ದಳು.

"ಏನಾದ್ರೂ ಕೊಡಬೇಕು ಅನ್ಸಿದ್ರೆ ಈ ಬಟನ್ ಒತ್ತು. ಅದು ಮಾರ್ಕೆಟ್ ಬೋರ್ಡಿಗೆ ಹೋಗುತ್ತೆ. ಬೇರೆ ಏನೂ ಮುಟ್ಟಬೇಡ."

"ಮುಟ್ಟಿದ್ರೆ?"

"ಹಾಳಾಗುತ್ತೆ."

ಹಾಳೂ ಆಗುತ್ತಿರಲಿಲ್ಲ, ಮಣ್ಣೂ ಆಗುತ್ತಿರಲಿಲ್ಲ. ಎಲ್ಲಾ ಬಟನ್ ಹೇಳಿಕೊಡುತ್ತಾ ಕೂತರೆ ತನ್ನ ಹಗ್ಗ ಯಾರು ನೋಡುತ್ತಾರೆ?

ಅಜ್ಜಿ 'ಹೋಯ್ತು ನೋಡೇ' ಎಂದು ಕೂಗಿದ ಮರುದಿನ, ಸ್ಕೂಲಿನಲ್ಲಿ ಇಂಟರ್ವಲ್ ಹೊತ್ತಿಗೆ ಡಬ್ಬಿ ಅವಳ ಪಕ್ಕ ಬಂದು ಕೂತ. ಅವನ ಊಟದ ಡಬ್ಬಿ ಅವನ ಬ್ಯಾಗಿಗಿಂತ ದೊಡ್ಡದು, ಹಾಗಾಗಿ ಆ ಹೆಸರು.

"ಹಗ್ಗದ ರಾಣಿ, ನಂಗೂ ಆ ಟ್ರಿಕ್ ಹೇಳ್ಕೊಡೇ. ಅರ್ಧ ಕೇಕ್ ಕೊಡ್ತೀನಿ."

"ಮುಕ್ಕಾಲು."

"ಏನೇ ನೀನು, ಕೇಕಲ್ಲೂ ರೇಟ್ ಏರಿಸ್ತೀಯ," ಎಂದು ಗೊಣಗಿದ ಡಬ್ಬಿ ಮುಕ್ಕಾಲು ಮುರಿದು ಕೊಟ್ಟ. ಗಿರಗಿಟ್ಲೆ ಟಿಣ್ ಸೆಟ್ಟಿಂಗಿನ ಗುಟ್ಟು ಹೇಳಿಕೊಟ್ಟಳು.

"ಸೂಪರ್," ಎಂದ ಡಬ್ಬಿ ಬೆರಳು ನೆಕ್ಕುತ್ತಾ. "ಇವತ್ತಿಂದಲೇ ಶುರು. ನನ್ನ ತಂಗಿ ಮಾತ್ರ ಆ ಗೇಮ್ ಬಿಟ್ಬಿಡ್ತೀನಿ ಅಂತ ಅಳ್ತಿದಾಳೆ."

"ಯಾಕೆ?"

"ಬಂದರಲ್ಲೇ ಕೂತು ಕೂತು ಸಾಕಾಯ್ತಂತೆ. ಹಗ್ಗ ಸಿಕ್ಕಲ್ವಂತೆ. ಅಲ್ಲಿ ಯಾರೋ ಹಲ್ಲಿಲ್ಲದ ಹುಲಿ ಅಂತ ಒಬ್ರು ಇದಾರಂತೆ. ತಾಳು ಮರಿ, ಹೊಸೆದು ಹಾಕ್ತೀನಿ ಅಂತಾರಂತೆ. ಪಾಪ, ಒಂದೇ ನಾಣ್ಯಕ್ಕೆ ಹಾಕ್ತಾರಂತೆ. ಇವಳು ಒತ್ತೋದ್ರೊಳಗೆ ಮಾಯ."

ಗಿರಗಿಟ್ಲೆ ಉಳಿದ ಕೇಕಿನ ತುಂಡನ್ನು ಕೆಳಗಿಟ್ಟಳು.

ಡಬ್ಬಿಯ ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಅವನ ತಲೆಯಲ್ಲಿ ಎರಡು ಖಾನೆ ಇದ್ದ ಹಾಗಿತ್ತು. ಒಂದರಲ್ಲಿ ಹಗ್ಗ, ಇನ್ನೊಂದರಲ್ಲಿ ತಂಗಿ. ನಡುವೆ ಬಾಗಿಲೇ ಇಲ್ಲ.

ಅವತ್ತು ಸಂಜೆ ಗಿರಗಿಟ್ಲೆ ಸೋಫಾಕ್ಕೆ ಹೋಗಲಿಲ್ಲ. ಸೀದಾ ಅಜ್ಜಿಯ ಹಾಸಿಗೆ ತುದಿಯಲ್ಲಿ ಕೂತಳು.

"ಏನು, ದಾರಿ ತಪ್ಪಿತಾ?" ಎಂದಳು ಅಜ್ಜಿ.

"ನೋಡೋಣ ಅಂತ ಬಂದೆ."

ಟ್ಯಾಬಿನಲ್ಲಿ ಬಂದರು ಕಂಡಿತು. ಗಿರಗಿಟ್ಲೆ ಅದನ್ನು ನೋಡಿ ತಿಂಗಳುಗಳೇ ಆಗಿದ್ದವು. ಕಟ್ಟೆಯ ತುಂಬ ಪುಟ್ಟ ಪುಟ್ಟ ಗೊಂಬೆಗಳು ಕೂತಿದ್ದವು. ಹಿಂದೆ ಸಾಲು ಸಾಲು ದೋಣಿಗಳು, ಎಲ್ಲವೂ ಬೋಳು. ಗೊಂಬೆಗಳ ನಡುವೆ ಒಂದು ದಪ್ಪನೆಯ ಹುಲಿ.

ಅಜ್ಜಿ ತೋರುಬೆರಳಿನಿಂದ ಪರದೆಯ ಮೇಲೆ ಒಂದೇ ಸಮನೆ ಸುತ್ತು ಹಾಕುತ್ತಿದ್ದಳು. ಜೊಂಡು ಹುಲ್ಲು ತಿರುಗಿ ತಿರುಗಿ ಹಗ್ಗವಾಗಬೇಕು. ಸ್ವಲ್ಪ ಹೊತ್ತಿಗೆ ಬೆರಳು ಬದಲಾಯಿಸಿದಳು. ಆಮೇಲೆ ಕೈಯನ್ನೇ ಬದಲಾಯಿಸಿದಳು.

"ಹಗ್ಗ ಹೊಸೆಯೋ ರಾಟೆ ನಿಂಗೆ ಹೆಂಗೆ ಸಿಕ್ತು ಅಜ್ಜಿ?"

"ಕಟ್ಟೆ ಗುಡಿಸಿದ್ರೆ ಕೊಡ್ತೀವಿ ಅಂದ್ರು. ಗುಡಿಸ್ದೆ."

ಆ ಕೆಲಸ ಹೆಚ್ಚು ಜನ ಮಾಡುತ್ತಿರಲಿಲ್ಲ. ಒಂದು ವಾರ ಕಸ ಗುಡಿಸುವುದಕ್ಕೆ ಯಾರು ಗೇಮ್ ಆಡುತ್ತಾರೆ?

"ಮತ್ತೆ ನೀನೇ ಒಂದು ಕಟ್ಕೊಂಡು ಹೋಗಬಹುದಿತ್ತಲ್ಲ?"

"ಇಷ್ಟು ಜನ ಸ್ಟಾಪಲ್ಲಿ ನಿಂತಿರುವಾಗ ಖಾಲಿ ಗಾಡಿ ಓಡಿಸ್ಕೊಂಡು ಹೋಗ್ತಾರೇನೇ ಯಾರಾದ್ರೂ?"

ಟ್ಯಾಬಿನಲ್ಲಿ ಒಂದು ಗೊಂಬೆಯ ತಲೆಯ ಮೇಲೆ ಅಕ್ಷರಗಳು ಮೂಡಿದವು. 'ಹುಲಿ ಬ್ರೋ, ಆಯ್ತಾ?'

"ನನ್ನನ್ನ ಬ್ರೋ ಅಂತಾವೆ," ಎಂದು ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಒಂದು ವಿಷಯ ಹೇಳ್ತೀನಿ ಕೇಳು. ನಾನು ಹಾಕಿದ ತಕ್ಷಣ ಅದ್ಯಾರೋ ಎತ್ಕೋತಾರೆ ಕಣೇ. ಹಗಲು ರಾತ್ರಿ ಕಾಯ್ಕೊಂಡೇ ಕೂತಿರ್ತಾರೇನೋ. ಈ ಮಕ್ಕಳು ಕಳ್ಳ ಅಂತ ಬೈತಾವೆ. ನಂಗೆ ಹಾಗನ್ಸಲ್ಲ."

"ಮತ್ತೆ?"

"ಯಾರಿಗೋ ತುಂಬಾ ಅರ್ಜೆಂಟ್ ಇರಬೇಕು. ಓಡೋಡಿ ಬಂದು ಬಸ್ ಹತ್ತೋರನ್ನ ನೋಡಿಲ್ವಾ? ಅವರಿಗೆ ಏನು ಕಷ್ಟವೋ. ಅದಕ್ಕೇ ಅವರಿಗೊಂದು, ಇವರಿಗೊಂದು ಅಂತ ಜಾಸ್ತಿ ಹೊಸೀತಿದೀನಿ."

ಗಿರಗಿಟ್ಲೆ ಹಾಸಿಗೆಯ ಹೊದಿಕೆಯಿಂದ ಒಂದು ನೂಲು ಎಳೆದಳು. ಅದನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಆಯ್ತು," ಎಂದು ಅಜ್ಜಿ ಬಟನ್ ಒತ್ತಿದಳು.

ಟಿಣ್.

ಸದ್ದು ಬಂದದ್ದು ಗಿರಗಿಟ್ಲೆಯ ಜೇಬಿನಿಂದ. ಅವಳ ಹೆಬ್ಬೆರಳು ತಾನಾಗಿಯೇ ಎದ್ದು ನಿಂತಿತು. ಅವಳು ಅದನ್ನು ಮುಷ್ಟಿಯೊಳಗೆ ಮಡಚಿ ಕೂತಳು.

"ಯಾರದೋ ಮೆಸೇಜ್ ಬಂತು ನೋಡು," ಎಂದಳು ಅಜ್ಜಿ.

"ಏನಿಲ್ಲ ಬಿಡು."

ಇಬ್ಬರೂ ಬೋರ್ಡ್ ನೋಡಿದರು. ಒಂದು ನಾಣ್ಯದ ಹಗ್ಗ ಅಲ್ಲೇ ಇತ್ತು. ಇನ್ನೂ ಇತ್ತು. ಆಮೇಲೆ ಫಕ್ಕನೆ ಮಾಯವಾಯಿತು.

ಗಿರಗಿಟ್ಲೆ ಉಸಿರು ಬಿಟ್ಟಳು. ಸದ್ಯ, ಯಾರಿಗೋ ಒಬ್ಬರಿಗೆ ಸಿಕ್ಕಿತು. ಕಟ್ಟೆಯ ಮೇಲಿನ ಗೊಂಬೆಗಳಲ್ಲಿ ಯಾವುದು ಎದ್ದು ದೋಣಿಯ ಕಡೆ ಓಡುತ್ತದೆ ಎಂದು ಕಾದಳು.

ಯಾವುದೂ ಏಳಲಿಲ್ಲ.

'ನಂಗೆ ಸಿಕ್ಕಿಲ್ಲ.' 'ನಂಗೂ ಇಲ್ಲ.' 'ಮತ್ತೆ ಅವನೇ ಬ್ರೋ.'

ಗಿರಗಿಟ್ಲೆ ಬೋರ್ಡನ್ನು ಕೆಳಗೆ ಸರಿಸಿದಳು. ಅಲ್ಲಿ ಹೊಸದಾಗಿ ಒಂದು ಹಗ್ಗ ಬಂದು ಕೂತಿತ್ತು, ಬೆಲೆ ಇಪ್ಪತ್ತೊಂಬತ್ತು. ತನ್ನದಕ್ಕಿಂತ ಒಂದೇ ಒಂದು ನಾಣ್ಯ ಕಮ್ಮಿ. ಮಾರಿದ್ದು ಯಾರೆಂದು ಬೋರ್ಡ್ ಹೇಳುವುದಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮುಕ್ಕಾಲು ಕೇಕಿನ ರುಚಿ ಬಾಯಿಗೆ ವಾಪಸ್ ಬಂದಿತು.

ತಾನು ಕೈ ಕಟ್ಟಿ ಕೂತರೆ ಸಾಲದು. ತನ್ನ ಜಾಗದಲ್ಲಿ ಇನ್ನೊಂದು ಹೆಬ್ಬೆರಳು ಕೂತಾಗಿದೆ.

"ಇವತ್ತು ಸ್ವಲ್ಪ ಲೇಟಾಗಿ ಬಂದ್ರು ಪಾಪ," ಎನ್ನುತ್ತಾ ಅಜ್ಜಿ ಬೆರಳು ನೀವಿಕೊಂಡು ಮತ್ತೆ ಜೊಂಡು ಹುಲ್ಲಿಗೆ ಕೈ ಹಾಕಿದಳು.

"ಅಜ್ಜಿ, ತಾಳು." ಗಿರಗಿಟ್ಲೆ ಟ್ಯಾಬಿನ ಮೇಲೆ ಕೈ ಇಟ್ಟಳು. "ಆ ಬಟನ್ ಇನ್ಮೇಲೆ ಒತ್ತಬೇಡ. ಇಲ್ಲಿ ನೋಡು, ಎರಡು ಕೈ ಇರೋ ಚಿತ್ರ. ಇದು ಒತ್ತಿದ್ರೆ ಎದುರಿಗೆ ಇರೋರಿಗೇ ಕೊಡಬಹುದು. ಕೈಯಿಂದ ಕೈಗೆ. ಮಧ್ಯೆ ಯಾರೂ ಬರಲ್ಲ."

"ಹಾಳಾಗಲ್ವಾ?"

"ಇಲ್ಲ."

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

ಗಿರಗಿಟ್ಲೆ ಬೆರಳಿನ ನೂಲು ನೋಡಿದಳು. "ಜಾಸ್ತಿ ಹೇಳ್ಕೊಟ್ರೆ ನೀನು ಪದೇ ಪದೇ ಕರೀತೀಯ ಅಂತ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಚಿತ್ರದ ಮೇಲೆ ಬೆರಳಿಟ್ಟು ನೋಡಿದಳು. "ಚೆನ್ನಾಗಿದೆ. ಆದ್ರೆ ಕೊಡೋಕೆ ಈಗ ಹಗ್ಗ ಎಲ್ಲಿದೆ? ಇನ್ನೊಂದು ಹೊಸೆಯೋಷ್ಟರಲ್ಲಿ ನನ್ನ ಬೆರಳು ಹೋಗುತ್ತೆ."

ಗಿರಗಿಟ್ಲೆ ಜೇಬಿನಿಂದ ಫೋನು ತೆಗೆದಳು. ತೆರೆದ ಕೂಡಲೇ ಕೆಂಪು ಹಾಯಿಯ ಹಡಗು ಥಳಥಳ ಹೊಳೆಯಿತು. ಅವಳು ಅದನ್ನು ಒಂದು ಗಳಿಗೆ ನೋಡಿದಳು. ಸ್ವಲ್ಪ ಜಾಸ್ತಿಯೇ ನೋಡಿದಳು. ಆಮೇಲೆ ಆ ಪುಟ ಮುಚ್ಚಿ, ಗೋದಾಮಿನ ಹಗ್ಗವನ್ನೆಲ್ಲ ದೋಣಿಗೆ ತುಂಬಿ, ಬಂದರಿನ ಕಡೆ ತಿರುಗಿಸಿದಳು.

ದೂರದ ದ್ವೀಪದಿಂದ ಬರಲು ತುಂಬಾ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅಮ್ಮ ಬಂದು ಅಜ್ಜಿಗೆ ಮಾತ್ರೆ ಕೊಟ್ಟು, ಒಂದೇ ಹಾಸಿಗೆ ಮೇಲೆ ಇಬ್ಬರನ್ನೂ ಕಂಡು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು.

"ಯಾರೋ ಬರ್ತಿದಾರೆ ನೋಡೇ," ಎಂದಳು ಅಜ್ಜಿ. "ಹಸಿರು ಟೋಪಿ. ದೋಣಿ ತುಂಬಾ ಹಗ್ಗ."

"ಅದು ನಾನೇ ಅಜ್ಜಿ."

"ನೀನಾ? ಇಷ್ಟೊಂದು ಎಲ್ಲಿಂದ ಬಂತೇ?"

ಹೊರಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗಿ, ಕೆಮ್ಮಿ, ಮುಂದೆ ಹೋಯಿತು. ಗಿರಗಿಟ್ಲೆ ಬೆರಳಿಗೆ ಸುತ್ತಿದ್ದ ನೂಲು ಬಿಚ್ಚಿದಳು.

"ಹೆಚ್ಚುಕಮ್ಮಿ ಎಲ್ಲಾ ನೀನು ಹೊಸೆದಿದ್ದೇ."

ಅಜ್ಜಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಎರಡು ಗಾಜಿನ ಮೇಲೂ ಅಷ್ಟೊಂದು ಒರೆಸುವಂಥ ಧೂಳೇನೂ ಇರಲಿಲ್ಲ.

"ಹಂಗಾದ್ರೆ ಅರ್ಜೆಂಟ್ ಇದ್ದಿದ್ದು ನಿಂಗೇನಾ?"

"ಹ್ಞೂಂ."

"ಮತ್ತೆ, ತೀರ್ತಾ ಅರ್ಜೆಂಟು?"

ಗಿರಗಿಟ್ಲೆ ತಲೆಯಾಡಿಸಿದಳು. ಹೌದು ಎಂದೋ ಇಲ್ಲ ಎಂದೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಅಜ್ಜಿ ಕಾಲನ್ನು ಮೆಲ್ಲಗೆ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. ಗಿರಗಿಟ್ಲೆ ದಿಂಬಿಗೆ ಒರಗಿ ಕೂತಳು. ಟ್ಯಾಬಿನಲ್ಲೂ ಹಸಿರು ಟೋಪಿ ಬಂದು ಹುಲಿಯ ಪಕ್ಕ ಕೂತಿತು.

ಮೊದಲು ಬಂದದ್ದು ಎರಡು ಜಡೆಯ ಪುಟ್ಟ ಗೊಂಬೆ. ಗಿರಗಿಟ್ಲೆ ಎರಡು ಕೈಯ ಚಿತ್ರ ಒತ್ತಿ, ತನ್ನ ಕಡೆ ಒಂದು ಸುರುಳಿ ಹಗ್ಗ ಇಟ್ಟಳು. ಆ ಕಡೆಯವರೂ ಏನಾದರೂ ಇಡದಿದ್ದರೆ ಗೇಮ್ ಒಪ್ಪುವುದಿಲ್ಲ. ಗೊಂಬೆ ಯೋಚಿಸುತ್ತಾ ನಿಂತಿತು.

'ನನ್ನ ಹತ್ರ ಏನೂ ಇಲ್ಲ ಅಕ್ಕ. ಇದೊಂದೇ ಇದೆ.'

ಅಂಚು ಒಡೆದ ಒಂದು ಚಿಪ್ಪು.

ಗಿರಗಿಟ್ಲೆಯ ಹೆಬ್ಬೆರಳು ಅಭ್ಯಾಸಬಲದಿಂದ ಬೋರ್ಡಿನ ಕಡೆ ಹೋಯಿತು, ಒಡೆದ ಚಿಪ್ಪಿಗೆ ಎಷ್ಟು ರೇಟಿದೆ ಎಂದು ನೋಡಲು. ಅರ್ಧ ದಾರಿಯಲ್ಲಿ ನಿಂತು, ವಾಪಸ್ ಬಂದು, 'ಒಪ್ಪಿಗೆ' ಒತ್ತಿತು.

ಎರಡು ಜಡೆ ದೋಣಿಯ ಕಡೆ ಓಡಿತು. ಬೋಳು ಕಂಬಕ್ಕೆ ಹಾಯಿ ಏರಿತು, ಗಾಳಿ ತುಂಬಿತು. ಹಾಯಿಗೆ ಬಣ್ಣವೇನೂ ಇರಲಿಲ್ಲ, ಹಳೇ ಬಟ್ಟೆಯ ಹಾಗಿತ್ತು.

"ರೈಟ್, ರೈಟ್," ಎಂದಳು ಅಜ್ಜಿ, ಮಂಚದ ಪಟ್ಟಿಗೆ ಎರಡು ಸಲ ತಟ್ಟಿ.

ದೋಣಿ ಚುಕ್ಕಿಯಾಗುವವರೆಗೂ ಗಿರಗಿಟ್ಲೆ ಅದನ್ನೇ ನೋಡುತ್ತಿದ್ದಳು. ಇಷ್ಟು ದಿನ ಅಷ್ಟೊಂದು ಹಗ್ಗ ಮಾರಿದ್ದಳು, ಒಂದು ದೋಣಿ ಹೊರಡುವುದನ್ನೂ ನೋಡಿರಲಿಲ್ಲ.

"ಮುಂದಿನವರು ಬರ್ಲಿ," ಎಂದಳು ಅಜ್ಜಿ.

ಗಿರಗಿಟ್ಲೆ ಇನ್ನೊಂದು ಸುರುಳಿ ಕೈಗೆತ್ತಿಕೊಂಡಳು.