ಒತ್ತಿನೆಣೆ ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಸೈಕಲ್

ಆ ಸೈಕಲ್ಲಿನಲ್ಲಿ ಇಳಿದಿದ್ದರೆ ಮೊದಲ ತಿರುವಿನಲ್ಲೇ ನನ್ನ ಕತೆ ಮುಗಿಯುತ್ತಿತ್ತು.

ನಾವು ನಿಂತಿದ್ದದ್ದು ಬೈಂದೂರಿನ ಒತ್ತಿನೆಣೆ ಗುಡ್ಡದ ನೆತ್ತಿಯಲ್ಲಿ. ಮೋಡ ಕವಿದು ಕೆಳಗೆ ಕಡಲು ಕಪ್ಪಗಾಗಿತ್ತು. ಪ್ರಖ್ಯಾತ್ ನನ್ನ ಬೆನ್ನ ಹಿಂದೆ. ಅವನ ಕೈ ನನ್ನ ಸೀಟಿನ ಮೇಲೆ.

"ಉಮಾನಾಥಣ್ಣ, ನೀವ್ ಮುಂದೆ ಹೋಯ್ನಿ. ನಾ ಹಿಂದಿಂದ ಬತ್ತೆ."

ನಗುತ್ತಿದ್ದ.

ನನಗೆ ಭಯವಾಯಿತು. ಸುಳ್ಳು ಯಾಕೆ ಹೇಳಲಿ?

ಇದು ನೀವು ನೋಡಿದ ಸೈಕಲ್ ಅಲ್ಲ. ಫಿಕ್ಸಿ ಅನ್ನುತ್ತಾರೆ. ಬ್ರೇಕ್ ಇಲ್ಲ, ಫ್ರೀವೀಲ್ ಇಲ್ಲ. ಗಾಲಿ ತಿರುಗುವಷ್ಟು ಹೊತ್ತು ಪೆಡಲ್ ತಿರುಗುತ್ತದೆ, ಪೆಡಲ್ ಜೊತೆ ಕಾಲು. ನಿಲ್ಲಬೇಕೆಂದರೆ ಕಾಲನ್ನು ಹಿಂದಕ್ಕೆ ಒತ್ತಿ ಬಿಗಿಹಿಡಿಯಬೇಕು. ಆ ಬಿಗಿತವನ್ನೆಲ್ಲ ತಾಳುವುದು ಹಿಂದಿನ ಹಲ್ಲುಚಕ್ರ. ಅದು ಬಿಚ್ಚಿಕೊಳ್ಳದಂತೆ ಹೊರಗಿನಿಂದ ಹಿಡಿದಿರುವುದು ಒಂದು ಲಾಕ್ ರಿಂಗ್.

ಆ ರಿಂಗ್ ಸಡಿಲವಾದರೆ... ಕಾಲು ಹಿಂದಕ್ಕೆ ಒತ್ತಿದ ಕ್ಷಣ ಹಲ್ಲುಚಕ್ರ ಕಳಚುತ್ತದೆ. ಆಮೇಲೆ ನೀವುಂಟು, ಇಳಿಜಾರುಂಟು.

ಕೌಶಲ್ ಸತ್ತದ್ದು ಹಾಗೆ. ಇದೇ ಗುಡ್ಡದಲ್ಲಿ.

ಆಕ್ಸಿಡೆಂಟ್ ಆದ ಗಾಡಿ ನೋಡಿ ಸುಳ್ಳು ಹಿಡಿಯುವುದು ನನ್ನ ಕಸುಬು. ಇನ್ಶೂರೆನ್ಸಿನವರು ಕರೆಯುತ್ತಾರೆ, ಹೋಗುತ್ತೇನೆ. ಕುಂದಾಪುರದಿಂದ ಬ್ರಹ್ಮಾವರದವರೆಗೆ ನನ್ನನ್ನು ಕಂಡರೆ ಆಗದವರೇ ಹೆಚ್ಚು. ಆದರೆ ಈ ಸಲ ಬಂದವಳು ಕೌಶಲನ ತಂಗಿ ಹರಿಣಾಕ್ಷಿ. ಮುರಿದ ಸೈಕಲ್ಲಿನ ಹಿಂದಿನ ಗಾಲಿಯನ್ನು ಗೋಣಿಯಲ್ಲಿ ಸುತ್ತಿ ತಂದು ನನ್ನ ಮುಂದೆ ಇಟ್ಟಳು.

"ಅಣ್ಣ ಬಿದ್ದ್ ಸಾಯು ಜನ ಅಲ್ಲ. ಈ ರಿಂಗ್ ತನ್ನಷ್ಟಕ್ಕೆ ಬಿಚ್ಚುದಿಲ್ಲ. ಯಾರೋ ಬಿಚ್ಚಿದ್ದೇ."

"ಪೊಲೀಸ್ರ್ ಎಂತ ಹೇಳ್ರ್?"

"ಬ್ರೇಕ್ ಇಲ್ದಿದ್ ಸೈಕಲ್, ಬಿದ್ದ ಅಂದ್ರ್. ಫೈಲ್ ಮುಚ್ಚಿರ್."

ಅವಳು ಅಳಲಿಲ್ಲ. ಅಳದವರನ್ನು ವಾಪಸ್ ಕಳಿಸುವುದು ಕಷ್ಟ.

ಕೌಶಲ್, ಪ್ರಖ್ಯಾತ್ ಇಬ್ಬರೂ ಸೇರಿ ಬಸ್ರೂರಿನಲ್ಲಿ ಶೆಡ್ ನಡೆಸುತ್ತಿದ್ದರು. ಹಳೆಯ ಸ್ಟೀಲ್ ಫ್ರೇಮ್ ತಂದು, ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್ ಎಲ್ಲ ಕಿತ್ತು, ಬಣ್ಣ ಕೆರೆದು, ಹಿತ್ತಾಳೆ ಬೆಸುಗೆ ಹಾಕಿ ಫಿಕ್ಸಿ ಮಾಡುತ್ತಿದ್ದರು. ನಾನು ಗಿರಾಕಿಯ ಸೋಗು ಹಾಕಿ ಸೇರಿಕೊಂಡೆ. ಸವಾರಿ ಕಲಿತೆ. ಮೊಣಕಾಲಿನ ಚರ್ಮ ಹೋಯಿತು. ಒಂದು ದಿನ ಮೂಲೆಯಲ್ಲಿದ್ದ ಫ್ರೇಮ್ ಮಗುಚಿ ನೋಡಿದರೆ ಅದರ ನಂಬರನ್ನು ಅರದಿಂದ ಉಜ್ಜಿ ತೆಗೆದಿದ್ದರು! ಇನ್ನೊಂದೂ ಹಾಗೇ.

ಎಲ್ಲ ಕದ್ದ ಮಾಲು. ಸಾಲಿಗ್ರಾಮದಲ್ಲಿ ಮೀನು ಮಾರುವ ಸೂರನ ಸೈಕಲ್ ಕೂಡ ಅದರಲ್ಲಿತ್ತು. ಬುಟ್ಟಿಯ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರನ್ನು ಕೌಶಲ್ ಗುರುತು ಹಿಡಿದನಂತೆ. "ವಾಪಸ್ ಕೊಡ್, ಇಲ್ದಿರೆ ಸ್ಟೇಶನ್ನಿಗೆ ಹೋತೆ" ಎಂದು ಫೋನಿನಲ್ಲಿ ಪ್ರಖ್ಯಾತನಿಗೆ ಹೇಳಿದ್ದನ್ನು ತಂಗಿ ಕೇಳಿಸಿಕೊಂಡಿದ್ದಳು. ಮರುದಿನ ಅವನು ಹೆಣವಾದ. ಆದರೆ ತಂಗಿಯ ಮಾತು ಸಾಕ್ಷಿಯಾಗುತ್ತದೆಯೇ? ಪ್ರಖ್ಯಾತನ ಬಾಯಿಂದಲೇ ಬರಬೇಕಿತ್ತು.

ನಾನು ಫ್ರೇಮ್ ಮಗುಚಿದ್ದನ್ನು ಪ್ರಖ್ಯಾತ್ ನೋಡಿದ. "ನಾಳೆ ಒತ್ತಿನೆಣೆಗೆ ಹೋಪನಾ?" ಅಂದ, ಅಷ್ಟೇ.

ಬೈಂದೂರಿನಲ್ಲಿ ಚಾ ಕುಡಿಯಲು ನಿಂತೆವು. ನಾನು ಕೈ ತೊಳೆದು ಬರುವಷ್ಟರಲ್ಲಿ ನನ್ನ ಹಿಂದಿನ ಗಾಲಿಯ ಹತ್ತಿರ ಗ್ರೀಸಿನ ಬೆರಳಚ್ಚು. ರಿಂಗ್ ಮುಟ್ಟಿದೆ. ಗಲಗಲ ಆಡಿತು. ಗುಡ್ಡ ಹತ್ತಲು ತೊಂದರೆಯಿಲ್ಲ, ಮುಂದಕ್ಕೆ ಮೆಟ್ಟಿದಷ್ಟೂ ಹಲ್ಲುಚಕ್ರ ಬಿಗಿಯುತ್ತದೆ. ಹತ್ತಿದೆ.

ಈಗ ನೆತ್ತಿಯಲ್ಲಿ ಇಳಿದು ನಿಂತೆ.

"ಇವತ್ ನಿನ್ ಸೈಕಲ್ ಕೊಡ್. ನಂದ್ ನೀ ತಕೋ."

ನಗು ಆರಿತು. "ಎಂತಕೆ?"

"ಆಸೆ ಆಯ್ತ್."

"ನಿಮ್ಗೆ ಸೀಟ್ ಸಮ ಆತಿಲ್ಲ..."

"ನಾನೂ ನೀನೂ ಒಂದೇ ಎತ್ರ. ಎಂತ, ಹತ್ತುಕೆ ಭಯವಾ?"

ಅವನು ಹಿಂದಿನ ಗಾಲಿಯನ್ನು ನೋಡಿದ. ಆಮೇಲೆ ನನ್ನನ್ನು. ಅಷ್ಟರಲ್ಲಿ ಇಬ್ಬರಿಗೂ ಎಲ್ಲ ಗೊತ್ತಾಗಿತ್ತು.

"ಹತ್ಬೇಡ," ಅಂದೆ. "'ಈ ರಿಂಗ್ ಸಡಿಲ ಮಾಡಿದ್ದ್ ನಾನೇ, ಕೌಶಲಂದೂ ನಾನೇ' ಅಂತ ನಿನ್ ಬಾಯಲ್ ಹೇಳ್. ನಡ್ಕಂಡೇ ಇಳಿವ."

"ಮುಂದೆ ಮೆಟ್ತಾ ಹೋರೆ ಎಂತದೂ ಆತಿಲ್ಲ, ಉಮಾನಾಥಣ್ಣ."

ಸಾಕ್ಷಿ ನನ್ನ ಕೈಯಲ್ಲಿ ಉಳಿಯಬಾರದೆಂದು ನನ್ನ ಸೈಕಲ್ ಕಸಿದು, ಹತ್ತಿ, ಇಳಿಜಾರಿಗೆ ಬಿಟ್ಟೇಬಿಟ್ಟ.

ನಾನು ಅವನದ್ದನ್ನು ಹತ್ತಿ ಹಿಂದೆ ಬಿದ್ದೆ. ಪೆಡಲ್ ನನ್ನ ಕಾಲನ್ನು ಎಳೆದು ಎಳೆದು ಎಸೆಯುತ್ತಿತ್ತು. ಗಾಳಿಗೆ ಕಣ್ಣಲ್ಲಿ ನೀರು. ಅವನು ಮುಂದೆ, ಬಗ್ಗಿ, ಮೆಟ್ಟುತ್ತಲೇ ಇದ್ದ. ಒಮ್ಮೆಯೂ ತಡೆಯಲಿಲ್ಲ. ಬದುಕಿಕೊಳ್ಳುತ್ತಾನೆ ಅನ್ನಿಸಿತು. ಹಾಗಾದರೆ ಹರಿಣಾಕ್ಷಿಗೆ ಏನು ಹೇಳಲಿ?

ತಿರುವು ಬಂತು.

ಎದುರಿನಿಂದ ಮೀನಿನ ಟೆಂಪೊ.

ಅವನ ಕಾಲು ಬಿಗಿಯಿತು. ವರ್ಷಗಟ್ಟಲೆ ಹಾಗೇ ನಿಲ್ಲಿಸಿದ ಕಾಲು ಅದು. ಟಕ್ಕೆಂದು ಸದ್ದಾಯಿತು. ಪೆಡಲ್ ಹಿಂದಕ್ಕೆ ತಿರುಗಿತು, ಗಾಲಿ ಮುಂದಕ್ಕೇ ಓಡಿತು. ಟೆಂಪೊ ತಪ್ಪಿಸಿಕೊಂಡಿತು. ಪ್ರಖ್ಯಾತ್ ಅಂಚು ದಾಟಿ ಮುರಕಲ್ಲಿನ ಚರಂಡಿಗೆ ಬಿದ್ದ.

ನಾನು ನಿಲ್ಲಿಸಿ ಓಡಿ ಬಂದೆ. ಸೊಂಟ ಮುರಿದಿತ್ತು. ಉಸಿರಿತ್ತು.

"ಗೊತ್ತಿದ್ದೂ ಎಂತಕೆ ಕಾಲ್ ಬಿಗಿ ಹಿಡ್ದೆ?"

"ಕಾಲ್... ಮಾತ್ ಕೇಣ್ಲಿಲ್ಲ."

"ಕೌಶಲನ ಕಾಲೂ ಕೇಣ್ಲಿಲ್ಲ."

ಅವನು ಕಣ್ಣು ಮುಚ್ಚಿದ. "ಹೇಳ್ತೆ... ಎಲ್ಲ ಹೇಳ್ತೆ. ಮೊದ್ಲ್ ಆಂಬುಲೆನ್ಸಿಗೆ ಫೋನ್ ಮಾಡಿನಿ."

ಫೋನ್ ತೆಗೆದೆ. ರೆಕಾರ್ಡಿಂಗ್ ಆನ್ ಮಾಡಿ ಅವನ ಬಾಯಿಯ ಹತ್ತಿರ ಹಿಡಿದೆ.

ಅವಸರ ಇದ್ದದ್ದು ಅವನಿಗೆ. ನನಗಲ್ಲ.